ಕೆಂಪು ರೈಲು ಮತ್ತು ಕೊತ್ತಂಬರಿ ಸೊಪ್ಪು

ಸಂಪಾದಕರು ಫೋನ್ ಮಾಡಿ, "ಡಾಕ್ಟ್ರೇ, ಯುಗಾದಿ ಸಂಚಿಕೆಯಲ್ಲಿ ಪುಟಗಳು ಖಾಲಿ ಉಳಿದಿವೆ. ಜಪಾನಿಗೆ ಹೋಗಿ ಬಂದಿದ್ದೀರಂತೆ, ಏನಾದರೂ ಬರೆದುಕೊಡಿ" ಎಂದಾಗ ನಾವು ಹಿಂಜರಿದದ್ದು ನಿಜ. ಔಷಧದ ಚೀಟಿ ಬಿಟ್ಟು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ಕೈ ಇದು. ಆ ಚೀಟಿಯನ್ನೂ ಯಾರೂ ಓದಲಾರರು ಎಂಬುದು ನಮ್ಮ ಮನೆಯವರ ಅಂಬೋಣ. ಅದೂ ಅಲ್ಲದೆ ಫ್ಯೂಜಿ ಪರ್ವತ, ಕ್ಯೋಟೋದ ದೇವಾಲಯಗಳು, ಬುಲೆಟ್ ಟ್ರೈನು, ಇವುಗಳ ಬಗ್ಗೆ ನಮಗಿಂತ ಮುಂಚೆ ಹೋಗಿಬಂದವರು ಇದೇ ಪುಟಗಳಲ್ಲಿ ಸೊಗಸಾಗಿ ಬರೆದಾಗಿದೆ. ಉಳಿದದ್ದೇನು? ಯಾವ ಪ್ರವಾಸಿಯೂ ಹುಡುಕಿಕೊಂಡು ಹೋಗದ, ಹದಿನೆಂಟು ಕಿಲೋಮೀಟರೂ ತುಂಬದ ಒಂದು ಪುಟ್ಟ ರೈಲು ದಾರಿ. ಬಂಧುಗಳು ಸಹಿಸಿಕೊಳ್ಳುವುದಾದರೆ ಅದರ ಕಥೆಯನ್ನೇ ಹೇಳುತ್ತೇವೆ. ಅದರ ಜೊತೆಗೆ ನಮ್ಮದೊಂದು ತಪ್ಪಿನ ಕಥೆಯೂ ಬರುತ್ತದೆ, ಅದು ಬೇಡವೆಂದರೂ ಬಿಡದು.

ನಮ್ಮ ಮಗಳು ಹಮಾಮತ್ಸುವಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಂಜಿನಿಯರು. 2024ರ ಶರತ್ಕಾಲದಲ್ಲಿ ಐದು ವಾರ ರಜೆ ಹಾಕಿ ನಾವಿಬ್ಬರೂ ಅವಳ ಮನೆಗೆ ಹೋಗಿದ್ದೆವು. ಟೋಕಿಯೋ ಮತ್ತು ಒಸಾಕಾಗಳ ನಡುವೆ, ಸಮುದ್ರಕ್ಕೂ ಬೆಟ್ಟಕ್ಕೂ ಮಧ್ಯೆ ಹರಡಿಕೊಂಡ ಊರು ಅದು. ಎಂಟು ಲಕ್ಷಕ್ಕೆ ಸ್ವಲ್ಪ ಕಡಿಮೆ ಜನ. ಹೆಸರು ಕೇಳದವರಿಗೂ ಅಲ್ಲಿನ ಸರಕು ಗೊತ್ತು. ಸುಜುಕಿ ಅಲ್ಲಿನದು, ಯಮಾಹಾ ಪಿಯಾನೋ ಅಲ್ಲಿನದು, ಹೋಂಡಾ ಹುಟ್ಟಿದ್ದೂ ಅಲ್ಲೇ. ನಾವು ಬೆಂಗಳೂರಿನಲ್ಲಿ ಎಂ.ಬಿ.ಬಿ.ಎಸ್. ಓದುವಾಗ ಹಾಸ್ಟೆಲಿನ ಶ್ರೀಮಂತ ಹುಡುಗನೊಬ್ಬ ಹೊಸೂರಿನಲ್ಲಿ ತಯಾರಾದ ಇಂಡ್-ಸುಜುಕಿ ಬೈಕಿನಲ್ಲಿ ಬರುತ್ತಿದ್ದ. ನಾವು ಅದರ ಹಿಂದಿನ ಸೀಟಿಗಾಗಿ ಅವನ ರೆಕಾರ್ಡು ಪುಸ್ತಕ ಬರೆದುಕೊಟ್ಟವರು. ಮೂವತ್ತೈದು ವರ್ಷದ ಮೇಲೆ ಆ ಬೈಕಿನ ತವರಿಗೆ ಹೋಗುವ ಯೋಗ ಬಂತು.

ಮಗಳು ಮೊದಲ ದಿನವೇ ಹೇಳಿಬಿಟ್ಟಳು: "ಅಪ್ಪಾ, ನಾನು ಬೆಳಿಗ್ಗೆ ಏಳಕ್ಕೆ ಹೋದರೆ ರಾತ್ರಿ ಎಂಟಕ್ಕೆ ಬರೋದು. ನಿಮ್ಮನ್ನು ಕಾರಿನಲ್ಲಿ ತಿರುಗಿಸೋಕೆ ಆಗೋದಿಲ್ಲ. ಕೆಳಗೆ ಹಿಕುಮಾ ಸ್ಟೇಷನ್ ಇದೆ, ಕೆಂಪು ರೈಲು ಬರುತ್ತೆ. ಹತ್ತಿ, ಇಳಿಯಿರಿ. ಕಳೆದುಹೋದರೆ ವಾಪಸ್ ಅದೇ ರೈಲು ಹತ್ತಿ." ಇದಕ್ಕಿಂತ ಸರಳವಾದ ಪ್ರವಾಸ ಮಾರ್ಗದರ್ಶಿಯನ್ನು ನಾವು ಓದಿಲ್ಲ.

ಆ ರೈಲಿನ ಕಂಪನಿಯ ಹೆಸರು ಎನ್ಶು ರೈಲ್ವೆ. ಊರಿನವರು ಕರೆಯುವುದು 'ಅಕಾದೆನ್' ಎಂದು, ಅಂದರೆ ಕೆಂಪು ಟ್ರೈನು. ನಮ್ಮ ಹಳ್ಳಿಗಳಲ್ಲಿ 'ಕೆಂಪು ಬಸ್ಸು' ಅಂದರೆ ಸಾಕಲ್ಲ, ಹಾಗೆ. ನಿಜಕ್ಕೂ ಕುಂಕುಮದ ಬಣ್ಣದ ಡಬ್ಬಿಗಳು. ಹೆಚ್ಚಿನ ಹೊತ್ತು ಎರಡೇ ಡಬ್ಬಿ, ಜನದಟ್ಟಣೆಯ ವೇಳೆ ನಾಲ್ಕು. ಊರ ನಡುವಿನ ಶಿನ್-ಹಮಾಮತ್ಸುವಿನಿಂದ ಉತ್ತರದ ಬೆಟ್ಟದ ಬುಡದ ನಿಶಿ-ಕಾಜಿಮಾವರೆಗೆ 17.8 ಕಿಲೋಮೀಟರು, 18 ಸ್ಟೇಷನ್ನು, ಸುಮಾರು ಅರ್ಧ ಗಂಟೆಯ ದಾರಿ. ಮೊದಲ ದಿನ ನಾವು ಟೋಕಿಯೋದಲ್ಲಿ ಕೊಂಡ ಕಾರ್ಡನ್ನು ಗೇಟಿಗೆ ತೋರಿಸಿ ಗತ್ತಿನಿಂದ ಮುನ್ನುಗ್ಗಿದೆವು, ಗೇಟು ಮುಚ್ಚಿಕೊಂಡಿತು. ಇಲ್ಲಿಯ ಕಾರ್ಡೇ ಬೇರೆಯಂತೆ. ಹಿಂದೆ ನಿಂತಿದ್ದ ಶಾಲೆಯ ಹುಡುಗರು ನಗು ತಡೆದುಕೊಂಡರು. ನಮ್ಮ ಮನೆಯವರು ತಡೆದುಕೊಳ್ಳಲಿಲ್ಲ.

ಸ್ಟೇಷನ್ನುಗಳ ಹೆಸರನ್ನು ಮಗಳಿಂದ ಅರ್ಥ ಮಾಡಿಸಿಕೊಳ್ಳುವುದು ನಮಗೆ ಒಂದು ಆಟವಾಯಿತು. ಒಂದರ ಹೆಸರು 'ಎನ್ಶು ಆಸ್ಪತ್ರೆ'. ನಮ್ಮ ವೃತ್ತಿಗೆ ಸಲ್ಲುವ ಹೆಸರೆಂದು ಸಂತೋಷವಾಯಿತು. ಇನ್ನೊಂದರ ಹೆಸರು ಕೇಳಿ ನಗು ಬಂತು: 'ಜಿದೋಶಾ-ಗಕ್ಕೋ-ಮಾಯೆ', ಎಂದರೆ 'ಡ್ರೈವಿಂಗ್ ಸ್ಕೂಲಿನ ಮುಂದೆ'. ಕಾರು ಕಲಿಯಲು ರೈಲಿನಲ್ಲಿ ಹೋಗಿ ಇಳಿಯುವ ಸ್ಟೇಷನ್ನು! ರೈಲು ಕಂಪನಿ ತನ್ನ ಗೋರಿಯನ್ನು ತಾನೇ ತೋಡಿಕೊಂಡ ಹಾಗಾಯಿತಲ್ಲ ಎಂದು ತಮಾಷೆ ಮಾಡಿದೆವು. ಆಮೇಲೆ ಯೋಚಿಸಿದಾಗ ತಮಾಷೆಯಲ್ಲ ಅನ್ನಿಸಿತು. ಕಾರಿನ ಊರಿನಲ್ಲಿ ಈ ರೈಲು ಬದುಕಿದ್ದಾದರೂ ಹೇಗೆ? ಆ ಪ್ರಶ್ನೆಯಿಂದಲೇ ಚರಿತ್ರೆ ಕೆದಕಲು ಶುರುಮಾಡಿದ್ದು.

ಜಪಾನಿನ ಮುಖ್ಯ ರೈಲು ದಾರಿಯಾದ ತೋಕಾಯ್ದೋ ಹಮಾಮತ್ಸುವನ್ನು ಮುಟ್ಟಿದ್ದು 1888ರಲ್ಲಿ. ಆದರೆ ಅದು ಪೂರ್ವ-ಪಶ್ಚಿಮವಾಗಿ ಹಾದುಹೋಗುವ ದಾರಿ. ಉತ್ತರದ ಹಳ್ಳಿಗಳಿಗೂ, ದೇವದಾರು ಮರಗಳಿಗೆ ಹೆಸರಾದ ತೆನ್ರ್ಯೂ ನದಿಯ ಕಣಿವೆಗೂ ಏನೂ ಇರಲಿಲ್ಲ. ಆಗ ಅಮೆಮಿಯಾ ಕೆಯ್ಜಿರೋ ಎಂಬ ಸಾಹುಕಾರ ದೇಶದ ಹಲವು ಕಡೆಯ ಚಿಕ್ಕ ಚಿಕ್ಕ ರೈಲು ಕಂಪನಿಗಳನ್ನು ಒಟ್ಟುಗೂಡಿಸಿ ಒಂದು ಸಂಸ್ಥೆ ಕಟ್ಟಿದ್ದ. ಅದರ ಹಮಾಮತ್ಸು ಶಾಖೆಯವರು 1909ರ ಡಿಸೆಂಬರ್ 6ರಂದು ಈ ದಾರಿಯಲ್ಲಿ ಉಗಿಬಂಡಿ ಓಡಿಸಿದರು. ಅದೇ 1909ರಲ್ಲೇ ಅದೇ ಊರಿನಲ್ಲಿ ಸುಜುಕಿ ಮಿಚಿಯೋ ಎಂಬ ಬಡಗಿ ಮಗ್ಗದ ಕಾರ್ಖಾನೆ ತೆರೆದದ್ದು. ಮುಂದೆ ಮಾರುತಿ ಕಾರಾಗಿ ನಮ್ಮ ಬೀದಿಗೆ ಬಂದ ಸುಜುಕಿಯ ಬೇರು ಅದೇ ಮಗ್ಗ. ಕಾರಿನ ಕಂಪನಿಯೂ ರೈಲೂ ಒಂದೇ ವರ್ಷದ ಕೂಸುಗಳು.

ಆ ಮೊದಲ ರೈಲಿನ ಹಳಿಗಳ ಅಗಲ 762 ಮಿಲಿಮೀಟರು, ಅಂದರೆ ಎರಡೂವರೆ ಅಡಿ. ಈ ಸಂಖ್ಯೆ ಓದಿದಾಗ ನಾವು ಕುರ್ಚಿಯಿಂದ ಎದ್ದು ಕೂತೆವು. ಎರಡೂವರೆ ಅಡಿ ಎಂದರೆ ನಮ್ಮ ಕೋಲಾರದ ಸಣ್ಣ ರೈಲು! 1910ರ ದಶಕದಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ, ಬೌರಿಂಗ್‌ಪೇಟೆಯಿಂದ ಕೋಲಾರಕ್ಕೂ, ಅಲ್ಲಿಂದ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ಕಡೆಗೂ ಹಾಕಿದ ಹಳಿ ಅದೇ ಅಳತೆಯದು. ಕಾರಣವೂ ಒಂದೇ. ದೊಡ್ಡ ಹಳಿಗೆ ದುಡ್ಡಿಲ್ಲ, ದೊಡ್ಡ ರೈಲಿಗೆ ಬೇಕಾದಷ್ಟು ಸರಕಿಲ್ಲ, ಆದರೆ ಜನ ಓಡಾಡಬೇಕು. ಆ ದಶಕದಲ್ಲಿ ಸಂಸ್ಥಾನದ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಆ ಸೀಮೆಯ ಮುದ್ದೇನಹಳ್ಳಿಯವರೇ. 1898ರಷ್ಟು ಹಿಂದೆಯೇ ಜಪಾನು ನೋಡಿ ಬಂದವರು.

ನಮ್ಮ ತಾಯಿಯವರು ಹುಟ್ಟಿದ್ದು ಶಿಡ್ಲಘಟ್ಟ, ಸೇರಿದ್ದು ಚಿಂತಾಮಣಿ. ತವರಿಗೂ ಗಂಡನ ಮನೆಗೂ ನಡುವೆ ಆ ಸಣ್ಣ ರೈಲು. ಅಡುಗೆ ಮುಗಿಸಿ, ಸೀರೆ ಬದಲಿಸಿ, ಯಾರನ್ನೂ ಕೇಳದೆ ಸ್ಟೇಷನ್ನಿಗೆ ನಡೆದು ಹೋಗಿ ಟಿಕೆಟ್ ತೆಗೆದುಕೊಂಡು ತವರಿಗೆ ಹೋಗಿ ಬರುತ್ತಿದ್ದರು. "ಆ ರೈಲು ಎಷ್ಟು ನಿಧಾನ ಅಂದ್ರೆ, ಇಳಿದು ಹುಣಿಸೇಹಣ್ಣು ಆಯ್ಕೊಂಡು ಮತ್ತೆ ಹತ್ತಬಹುದಿತ್ತು" ಎಂದು ನಗುತ್ತಿದ್ದರು. ನಿಧಾನವಾದರೇನು, ಅದು ಅವರ ರೈಲು. ಅವರ ಕಥೆ ಆಮೇಲೆ ಬರುತ್ತದೆ.

ಹಮಾಮತ್ಸುವಿನವರು ಸಣ್ಣ ಹಳಿಯಲ್ಲೇ ನಿಲ್ಲಲಿಲ್ಲ. 1919ರಲ್ಲಿ ದಾರಿ ಸ್ಥಳೀಯ ಕಂಪನಿಯ ಕೈಗೆ ಬಂತು. 1921ರಲ್ಲಿ ಆ ಕಂಪನಿ ತನ್ನ ಹೆಸರಿನಲ್ಲೇ 'ವಿದ್ಯುತ್ ರೈಲ್ವೆ' ಎಂದು ಸೇರಿಸಿಕೊಂಡಿತು. ಹೆಸರು ಮೊದಲು, ಕರೆಂಟು ಆಮೇಲೆ! 1923ರ ಏಪ್ರಿಲಿನಲ್ಲಿ ಮಾತು ಉಳಿಸಿಕೊಂಡರು. ಹಳಿಯನ್ನು 1,067 ಮಿಲಿಮೀಟರಿಗೆ, ಅಂದರೆ ಜಪಾನಿನ ಮಾಮೂಲಿ ಅಗಲಕ್ಕೆ ಹಿಗ್ಗಿಸಿ, ತಂತಿ ಎಳೆದು, ಉಗಿಬಂಡಿಯ ಬದಲು ವಿದ್ಯುತ್ ಬಂಡಿ ಓಡಿಸಿದರು. ನಮ್ಮ ಕೋಲಾರದ ಎರಡೂವರೆ ಅಡಿಯ ದಾರಿ 1990ರ ದಶಕದವರೆಗೂ ಹಾಗೇ ಇದ್ದು, ಹಂತಹಂತವಾಗಿ ನಿಂತು, ಅಗಲವಾದ ಹಳಿಯಾಗಿ ಚಿಕ್ಕಬಳ್ಳಾಪುರ ಮುಟ್ಟಿದ್ದು 2013ರಲ್ಲಿ. ಅವರು ಹದಿನಾಲ್ಕೇ ವರ್ಷಕ್ಕೆ ಮಾಡಿದ್ದನ್ನು ನಾವು ನೂರು ವರ್ಷಕ್ಕೆ ಮಾಡಿದೆವು. ಇದು ಟೀಕೆಯಲ್ಲ, ನಿಟ್ಟುಸಿರು.

1943ರಲ್ಲಿ, ಯುದ್ಧದ ಮಧ್ಯೆ, ಸುತ್ತಲಿನ ಬಸ್ಸು ಕಂಪನಿಗಳೂ ಈ ರೈಲೂ ಒಂದುಗೂಡಿ ಇಂದಿನ ಎನ್ಶು ರೈಲ್ವೆ ಆಯಿತು. 1945ರ ಜೂನ್ 18ರ ಬಾಂಬು ದಾಳಿಯಲ್ಲಿ ಊರಿನ ನಡುಭಾಗ ಸುಟ್ಟುಹೋಯಿತು. ಜುಲೈನಲ್ಲಿ ಸಮುದ್ರದಿಂದಲೂ ಫಿರಂಗಿ ಹಾರಿಸಿದರು. ಬೂದಿಯಿಂದ ಎದ್ದ ಊರಿನಲ್ಲಿ ಮೊದಲು ಗುಡುಗಿದ್ದು ಮೋಟಾರು. ಇದೇ ರೈಲಿನ ಕೊನೆಯ ಸ್ಟೇಷನ್ನಿನಾಚೆ, ನದಿಯ ಆ ದಡದ ಹಳ್ಳಿಯಲ್ಲಿ 1906ರಲ್ಲಿ ಹುಟ್ಟಿದ ಕಮ್ಮಾರನ ಮಗ ಹೋಂಡಾ ಸೊಯಿಚಿರೋ 1946ರಲ್ಲಿ ಹಮಾಮತ್ಸುವಿನಲ್ಲಿ ಒಂದು ಷೆಡ್ಡು ಹಾಕಿದ. ಸೈನ್ಯದವರು ಬಿಟ್ಟುಹೋದ ರೇಡಿಯೋ ಜನರೇಟರಿನ ಚಿಕ್ಕ ಎಂಜಿನ್ನನ್ನು ಸೈಕಲ್ಲಿಗೆ ಕಟ್ಟಿದ. ಹೆಂಡತಿ ಆಹಾರ ಸಾಮಾನು ಹುಡುಕಿಕೊಂಡು ದೂರದೂರ ಸೈಕಲ್ ತುಳಿಯುವ ಕಷ್ಟ ನೋಡಲಾರದೆ ಹಾಗೆ ಮಾಡಿದ ಎಂದು ಆ ಕಂಪನಿಯವರೇ ಹೇಳುತ್ತಾರೆ. ಬಂಧುಗಳು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಜಗತ್ತಿನ ಬಹುದೊಡ್ಡ ಮೋಟಾರು ಕಂಪನಿಯೊಂದು ಶುರುವಾದದ್ದು ಒಬ್ಬ ಹೆಂಗಸು ಸಾಮಾನು ತರಲು ಹೋಗಬೇಕಿದ್ದದ್ದರಿಂದ.

1948ರಲ್ಲಿ ಹೋಂಡಾ ಕಂಪನಿ, 1952ರಲ್ಲಿ ಸುಜುಕಿಯ ಮೋಟಾರು ಸೈಕಲ್ಲು, 1955ರಲ್ಲಿ ಯಮಾಹಾ ಬೈಕು. ಹೀಗೆ ಹತ್ತೇ ವರ್ಷದಲ್ಲಿ ಹಮಾಮತ್ಸು ಜಪಾನಿನ ಡೆಟ್ರಾಯಿಟ್ ಆಯಿತೆನ್ನಿ. ಇನ್ನು ಅಸಲಿ ಡೆಟ್ರಾಯಿಟ್ಟಿನವರಾದ ನಮ್ಮ ಕಥೆ ಏನು? 1996ರಲ್ಲಿ ನಾವು ರೆಸಿಡೆನ್ಸಿಗೆಂದು ಇಲ್ಲಿ ಇಳಿದಾಗ, ಆಸ್ಪತ್ರೆಗೆ ಹೋಗುವ ರೈಲು ಯಾವುದೆಂದು ಕೇಳಿದ್ದಕ್ಕೆ ಸೀನಿಯರ್ ರೆಸಿಡೆಂಟು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಮೊದಲು ಒಂದು ಕಾರು ಕೊಂಡುಕೋ" ಎಂದಿದ್ದರು. ಡೆಟ್ರಾಯಿಟ್ಟಿನ ಟ್ರಾಮುಗಳ ಕೊನೆಯ ಓಟ 1956ರ ಏಪ್ರಿಲಿನಲ್ಲಿ. ಒಳ್ಳೊಳ್ಳೆಯ ಬಂಡಿಗಳನ್ನು ಮೆಕ್ಸಿಕೋ ನಗರಕ್ಕೆ ಮಾರಿದರು. ಪಾಂಟಿಯಾಕ್‌ನಿಂದ ಡೆಟ್ರಾಯಿಟ್ಟಿಗೆ ಕೆಲಸದವರನ್ನು ಕರೆತರುತ್ತಿದ್ದ ಉಪನಗರ ರೈಲು 1983ರಲ್ಲಿ ನಿಂತಿತು. ಹಳಿಗಳು ಇಂದಿಗೂ ಇವೆ. ನಮ್ಮ ಕ್ಲಿನಿಕ್ಕಿನ ಹಿಂದೆಯೇ ಹಾದುಹೋಗುತ್ತವೆ. ಬೆರಳೆಣಿಕೆಯ ಆಮ್‌ಟ್ರಾಕ್ ರೈಲುಗಳೂ ಸರಕಿನ ರೈಲುಗಳೂ ಕೂಗುತ್ತಾ ಹೋಗುತ್ತವೆ. ಒಳಗೆ ಕಾಯುತ್ತಾ ಕೂತ ಮುದುಕರು, ಯಾವ ಮಗ ಯಾವಾಗ ಕಾರು ತರುತ್ತಾನೋ ಎಂದು ಕಿಟಕಿ ನೋಡುತ್ತಿರುತ್ತಾರೆ.

ಹಾಗಾದರೆ ಅಕಾದೆನ್ ಉಳಿದದ್ದು ಹೇಗೆ? ನಮ್ಮ ತಿಳಿವಳಿಕೆಗೆ ನಿಲುಕಿದಷ್ಟು ಹೇಳುತ್ತೇವೆ. ಒಂದು, ಸಮಯ. ಬೆಳಗಿನಿಂದ ರಾತ್ರಿಯವರೆಗೆ ಬಹುಪಾಲು ಹನ್ನೆರಡು ನಿಮಿಷಕ್ಕೊಂದು ರೈಲು. ವೇಳಾಪಟ್ಟಿ ನೋಡುವುದೇ ಬೇಡ. ಆಶ್ಚರ್ಯವೆಂದರೆ ಇದಿಷ್ಟೂ ಒಂಟಿ ಹಳಿಯ ಮೇಲೆ. ಆ ಕಡೆಯಿಂದ ಹನ್ನೆರಡು ನಿಮಿಷಕ್ಕೊಂದು, ಈ ಕಡೆಯಿಂದ ಹನ್ನೆರಡು ನಿಮಿಷಕ್ಕೊಂದು ಬಿಟ್ಟರೆ ಪ್ರತಿ ರೈಲೂ ಆರು ನಿಮಿಷಕ್ಕೊಮ್ಮೆ ಎದುರಿನ ರೈಲನ್ನು ಸಂಧಿಸಬೇಕು. ಅದಕ್ಕೆಂದೇ ಸ್ಟೇಷನ್ನುಗಳಲ್ಲಿ ಹಳಿ ಎರಡಾಗಿ ಸೀಳಿದೆ. ಒಂದು ಬಂದು ನಿಲ್ಲುತ್ತದೆ, ಎದುರಿನದೂ ಬರುತ್ತದೆ, ಎರಡೂ ಒಂದಕ್ಕೊಂದು ದಾರಿ ಕೊಟ್ಟು ಹೊರಡುತ್ತವೆ. ಒಂದು ರೈಲು ಎರಡು ನಿಮಿಷ ತಡವಾದರೆ ಇಡೀ ಸರಪಳಿ ತಡವಾಗುತ್ತದೆ. ಹೃದಯದ ಕವಾಟಗಳ ಕೆಲಸವೂ ಹೀಗೇ. ಒಂದು ತೆರೆಯುವಾಗ ಇನ್ನೊಂದು ಮುಚ್ಚಿರಬೇಕು, ಇಬ್ಬರೂ ಒಟ್ಟಿಗೆ ನುಗ್ಗಿದರೆ ರೋಗಿ ನಮ್ಮ ಬಳಿಗೆ ಬರುತ್ತಾನೆ.

ಎರಡು, ಕಾರಿನ ಜೊತೆ ಜಗಳವಾಡದೆ ರಾಜಿ ಮಾಡಿಕೊಂಡದ್ದು. ಊರ ನಡುವೆ ಗೇಟು ಹಾಕಿದಾಗಲೆಲ್ಲ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. 1985ರ ಡಿಸೆಂಬರಿನಲ್ಲಿ ಶಿನ್-ಹಮಾಮತ್ಸುವಿನ ಕಡೆಯ ಹಳಿಯನ್ನು ಕಂಬಗಳ ಮೇಲಕ್ಕೆ ಏರಿಸಿದರು. ಅದಕ್ಕೆ ಮುಂಚೆ ರೈಲು ನಡುವೆ ಒಂದು ಸ್ಟೇಷನ್ನಿಗೆ ಹೋಗಿ, ದಿಕ್ಕು ಬದಲಿಸಿ, ಹಿಮ್ಮೊಗವಾಗಿ ಹೊರಡಬೇಕಿತ್ತು. ಆ ಹಿಂದು-ಮುಂದಿನ ಆಟವೂ ಅಂದಿಗೆ ಮುಗಿಯಿತು. 2012ರ ನವೆಂಬರಿನಲ್ಲಿ ಸುಕೆನೊಬುವಿನಿಂದ ಕಾಮಿಜಿಮಾದ ಭಾಗವೂ ಮೇಲೇರಿತು. ನಮ್ಮ ಹಿಕುಮಾ ಸ್ಟೇಷನ್ನು ಅದರಲ್ಲೇ ಬರುತ್ತದೆ. ಕೆಳಗೆ ಕಾರು, ಮೇಲೆ ರೈಲು.

ಮೂರು, ರೈಲನ್ನು ಒಂಟಿಯಾಗಿ ಬಿಡಲಿಲ್ಲ. ಅದೇ ಕಂಪನಿಯದು ಊರಿನ ಬಸ್ಸು, ಅದೇ ಕಂಪನಿಯದು 1988ರಲ್ಲಿ ಶಿನ್-ಹಮಾಮತ್ಸುವಿನ ಪಕ್ಕದಲ್ಲೇ ತೆರೆದ ದೊಡ್ಡ ಅಂಗಡಿ. ರೈಲಿನಿಂದ ಇಳಿದವರು ಅಂಗಡಿಗೆ, ಅಂಗಡಿಯಿಂದ ಹೊರಟವರು ಬಸ್ಸಿಗೆ. ಅತ್ತೆ, ಸೊಸೆ, ನಾದಿನಿ ಎಲ್ಲ ಒಂದೇ ಮನೆಯಲ್ಲಿದ್ದರೆ ಸಂಸಾರ ಸಾಗುತ್ತದೆ ಎಂಬುದಕ್ಕೆ ಅಪರೂಪದ ಉದಾಹರಣೆ.

ಹಾಗೆಂದು ಜಪಾನಿನಲ್ಲಿ ಎಲ್ಲ ರೈಲೂ ಉಳಿದವೆಂದು ಯಾರೂ ಭಾವಿಸಬಾರದು. ಇದೇ ಕಂಪನಿಯ ಕೈಯಲ್ಲಿ ಓಕುಯಾಮಾ ಕಡೆಗೆ ಇನ್ನೊಂದು ದಾರಿ ಇತ್ತು, ಅದೂ ನಮ್ಮ ಎರಡೂವರೆ ಅಡಿಯ ಹಳಿಯೇ. ಅದನ್ನು ಹಿಗ್ಗಿಸಲಿಲ್ಲ. 1964ರ ಅಕ್ಟೋಬರ್ 1ರಂದು ಬುಲೆಟ್ ಟ್ರೈನು ಹಮಾಮತ್ಸುವಿನ ಮೂಲಕ ಓಡಲಾರಂಭಿಸಿತು, ಇಡೀ ಪ್ರಪಂಚ ಚಪ್ಪಾಳೆ ಹೊಡೆಯಿತು. ಅದೇ ತಿಂಗಳ ಕೊನೆಗೆ ಓಕುಯಾಮಾ ರೈಲು ಕೊನೆಯ ಸಲ ಓಡಿ ನಿಂತಿತು. ಆ ಹಳ್ಳಿಯ ಅಜ್ಜಿಯರಿಗೆ ಬುಲೆಟ್ ಟ್ರೈನು ಬಂದು ಆದದ್ದೇನು?

ಒಂದು ಭಾನುವಾರ ಮಗಳ ಜೊತೆ ಕೊನೆಯ ಸ್ಟೇಷನ್ನಿಗೆ ಹೋದೆವು. ನಿಶಿ-ಕಾಜಿಮಾದಲ್ಲಿ ಇನ್ನೊಂದು ಹಳೆಯ ರೈಲು ಸಿಗುತ್ತದೆ. ಸರೋವರದ ಮೇಲಿನ ಸೇತುವೆಗೆ ಯುದ್ಧದಲ್ಲಿ ಪೆಟ್ಟು ಬಿದ್ದರೆ ಇರಲಿ ಎಂದು ಬಳಸುದಾರಿಯಾಗಿ ಹಾಕಿ, 1940ರಲ್ಲಿ ಪೂರ್ತಿಯಾದ ದಾರಿ ಅದು. ಸರ್ಕಾರಿ ರೈಲ್ವೆ ಬೇಡವೆಂದಾಗ ಸ್ಥಳೀಯರೇ 1987ರಲ್ಲಿ ವಹಿಸಿಕೊಂಡರು. ತೆನ್ರ್ಯೂ-ಫುತಾಮಾತಾ ಸ್ಟೇಷನ್ನಿನಲ್ಲಿ ಎಂಜಿನ್ ತಿರುಗಿಸುವ ಬೃಹತ್ ತಟ್ಟೆಯನ್ನು ಇನ್ನೂ ತಿರುಗಿಸುತ್ತಾರೆ. ಫುತಾಮಾತಾದ ಹಳೆಯ ಪಟ್ಟಣ ಕಚೇರಿಯಲ್ಲಿ ಹೋಂಡಾ ಸೊಯಿಚಿರೋನ ಸ್ಮಾರಕ ಸಂಗ್ರಹಾಲಯವಿದೆ. ಕಾರಿನ ದೇವರ ದರ್ಶನಕ್ಕೆ ನಾವು ರೈಲಿನಲ್ಲಿ ಹೋಗಿ ಬಂದೆವು.

ಆದರೆ ನಮ್ಮ ಮನಸ್ಸಿನಲ್ಲಿ ಉಳಿದದ್ದು ಸಂಗ್ರಹಾಲಯವಲ್ಲ, ಮಗಳ ಪಕ್ಕದ ಮನೆಯ ಅಜ್ಜಿ. ಎಂಬತ್ತನಾಲ್ಕು ವರ್ಷ, ಬೆನ್ನು ಬಾಗಿದೆ, ಒಂಟಿ ಜೀವ. ಪ್ರತಿ ಮಂಗಳವಾರ ಬೆಳಿಗ್ಗೆ ಟೋಪಿ ಹಾಕಿ, ನಾಲ್ಕು ಗಾಲಿಯ ತಳ್ಳುಚೀಲ ಹಿಡಿದು ಹೊರಡುತ್ತಾರೆ. ಲಿಫ್ಟಿನಲ್ಲಿ ಹಿಕುಮಾ ಪ್ಲಾಟ್‌ಫಾರಮ್ಮಿಗೆ ಏರಿ, ಮೂರು ಸ್ಟೇಷನ್ ದಾಟಿ 'ಎನ್ಶು ಆಸ್ಪತ್ರೆ'ಯಲ್ಲಿ ಇಳಿದು ಡಾಕ್ಟರನ್ನು ಕಂಡು, ಬರುವಾಗ ತರಕಾರಿ ತರುತ್ತಾರೆ. ಅವರಿಗೆ ಕಾರಿತ್ತಂತೆ. 2019ರಲ್ಲಿ ಲೈಸೆನ್ಸನ್ನು ತಾವಾಗಿಯೇ ಪೊಲೀಸರಿಗೆ ಹಿಂತಿರುಗಿಸಿದರಂತೆ. ಆ ವರ್ಷ ಏಪ್ರಿಲಿನಲ್ಲಿ ಟೋಕಿಯೋದಲ್ಲಿ 87 ವರ್ಷದ ವೃದ್ಧರೊಬ್ಬರ ಕಾರಿಗೆ ಸಿಕ್ಕಿ ತಾಯಿ ಮಗು ಸತ್ತದ್ದು ದೇಶವನ್ನೇ ಅಲ್ಲಾಡಿಸಿತ್ತು. ಆ ಒಂದೇ ವರ್ಷ ಸುಮಾರು 6 ಲಕ್ಷ ಜನ ಹಾಗೆ ಲೈಸೆನ್ಸು ಒಪ್ಪಿಸಿದರು. ಮಗಳ ಬಾಯಿಂದ ಅಜ್ಜಿಯನ್ನು ಕೇಳಿಸಿದೆವು, "ಬೇಜಾರಾಗಲಿಲ್ಲವೇ?" ಅಜ್ಜಿ ಆಶ್ಚರ್ಯದಿಂದ ನಮ್ಮನ್ನೇ ನೋಡಿ, "ರೈಲಿದೆಯಲ್ಲ" ಎಂದರು. ಅಷ್ಟೇ.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಈಗ ನಮ್ಮ ತಾಯಿಯವರ ಕಥೆ.

2008ರಲ್ಲಿ ತಂದೆಯವರು ತೀರಿಕೊಂಡರು. 2009ರ ಅಕ್ಟೋಬರಿನಲ್ಲಿ ತಾಯಿಯವರನ್ನು ಗ್ರೀನ್ ಕಾರ್ಡ್ ಮಾಡಿಸಿ ಇಲ್ಲಿಗೆ ಕರೆತಂದೆವು. ನೀವೆಲ್ಲ ಅವರನ್ನು ದೀಪಾವಳಿ ಸಮಾರಂಭದಲ್ಲಿ ನೋಡಿದ್ದೀರಿ, ಅವರ ಕೈಯ ಮೈಸೂರುಪಾಕನ್ನೂ ತಿಂದಿದ್ದೀರಿ. ಮನೆ ದೊಡ್ಡದು, ಹೀಟರಿದೆ, ಟೀವಿಯಲ್ಲಿ ಕನ್ನಡ ಧಾರಾವಾಹಿ ಬರುತ್ತದೆ. ಇನ್ನೇನು ಬೇಕು ಎಂದುಕೊಂಡೆವು. ನಾವು ಬೆಳಿಗ್ಗೆ ಆರೂವರೆಗೆ ಆಸ್ಪತ್ರೆಗೆ, ಮನೆಯವರು ಎಂಟಕ್ಕೆ ಕೆಲಸಕ್ಕೆ, ಮಗಳು ಶಾಲೆಗೆ. ಸಂಜೆಯವರೆಗೆ ಅವರು, ಕಿಟಕಿ, ಹಿಮ. "ಶನಿವಾರ ದೇವಸ್ಥಾನಕ್ಕೆ ಕರ್ಕೊಂಡು ಹೋಗ್ತೀನಮ್ಮ" ಎನ್ನುತ್ತಿದ್ದೆವು. ಶನಿವಾರ ಆನ್-ಕಾಲ್ ಬರುತ್ತಿತ್ತು.

2010ರ ಜನವರಿಯ ಒಂದು ಮಧ್ಯಾಹ್ನ ಪೊಲೀಸರಿಂದ ಫೋನು ಬಂತು. ಸೀರೆಯ ಮೇಲೆ ನಮ್ಮ ಹಳೆಯ ಕೋಟು ಹಾಕಿಕೊಂಡ ಒಬ್ಬ ವೃದ್ಧೆ, ಫುಟ್‌ಪಾತಿಲ್ಲದ ದೊಡ್ಡ ರಸ್ತೆಯ ಅಂಚಿನಲ್ಲಿ ಹಿಮದ ಮೇಲೆ ನಡೆದುಹೋಗುತ್ತಿದ್ದಾರೆ, ವಿಳಾಸದ ಚೀಟಿಯಲ್ಲಿ ನಿಮ್ಮ ನಂಬರಿದೆ ಎಂದು. ರೋಗಿಗಳನ್ನು ಬಿಟ್ಟು ಓಡಿದೆವು. ಪೊಲೀಸ್ ಕಾರಿನ ಹಿಂದಿನ ಸೀಟಿನಲ್ಲಿ ಕೈಕಟ್ಟಿ ಕೂತಿದ್ದರು. ಭಯವೋ ಅವಮಾನವೋ, ನಾವು ಮಗನಾಗಿ ಮಾತಾಡದೆ ಡಾಕ್ಟರಾಗಿ ಮಾತಾಡಿದೆವು. ಸೊಂಟ ಮುರಿದರೆ ಏನಾಗುತ್ತೆ ಗೊತ್ತಾ, ಫ್ರಾಸ್ಟ್‌ಬೈಟ್ ಅಂದರೆ ಏನು ಗೊತ್ತಾ ಎಂದು ಬೈದೆವು. ಅವರು ಎಲ್ಲ ಕೇಳಿಸಿಕೊಂಡು ಇಷ್ಟೇ ಹೇಳಿದರು: "ಬೈಬೇಡಪ್ಪ. ನಾನೇನು ಓಡಿಹೋಗ್ಲಿಲ್ಲ. ಕೊತ್ತಂಬರಿ ಸೊಪ್ಪು ಮುಗಿದಿತ್ತು, ತರೋಣ ಅಂತ ಹೊರಟೆ."

ಅಂಗಡಿ ಎರಡು ಮೈಲಿ. ಚಿಂತಾಮಣಿಯಲ್ಲಿ ಅವರಿಗೆ ಅದು ದೂರವೇ ಅಲ್ಲ.

ಆಮೇಲೆ ಅವರು ಹೊರಗೆ ಹೋಗಲಿಲ್ಲ. ಕೇಳಲೂ ಇಲ್ಲ. ತಿಂಗಳುಗಟ್ಟಲೆ ಹಸಿವಿಲ್ಲ, ನಿದ್ದೆಯಿಲ್ಲ ಎಂದರು. ನಾವು ರಕ್ತ ಪರೀಕ್ಷೆ ಮಾಡಿಸಿದೆವು, ಥೈರಾಯ್ಡ್ ನೋಡಿಸಿದೆವು, ವಿಟಮಿನ್ ಡಿ ಕೊಟ್ಟೆವು. ಎಲ್ಲ ರಿಪೋರ್ಟೂ ಸರಿಯಿತ್ತು. ಎರಡನೆಯ ಚಳಿಗಾಲ ಮುಗಿಯುತ್ತಿದ್ದಂತೆ, 2011ರ ಮಾರ್ಚಿನಲ್ಲಿ, "ನನ್ನ ಊರಿಗೆ ಕಳಿಸಿಬಿಡು, ಇಲ್ಲಿ ನಾನು ಪಾರ್ಸೆಲ್ ಆಗಿದೀನಿ. ಯಾರಾದ್ರೂ ಎತ್ತಿ ಇಟ್ಟರೆ ಉಂಟು, ಇಲ್ಲಾಂದ್ರೆ ಇಲ್ಲ" ಎಂದರು. ಕಳಿಸಿದೆವು. ಚಿಂತಾಮಣಿಯಲ್ಲಿ ತಮ್ಮನ ಮನೆಯಲ್ಲಿದ್ದು, ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಹೋಗಿ ಬಂದುಕೊಂಡು, 2016ರಲ್ಲಿ ತೀರಿಕೊಂಡರು. ಆ ಐದು ವರ್ಷ ಅವರಿಗೆ ನಿದ್ದೆ ಬಾರದ ಸಮಸ್ಯೆಯೇನೂ ಇರಲಿಲ್ಲ ಎಂದು ತಮ್ಮ ಹೇಳುತ್ತಾನೆ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮ ವಿಷಯದಲ್ಲಿ ಹಿತ್ತಲ ರೋಗವೂ ರೋಗವಾಗಿ ಕಾಣಲಿಲ್ಲ. ವಯಸ್ಸಾದವರು ಡ್ರೈವಿಂಗ್ ಬಿಟ್ಟ ಮೇಲೆ ಖಿನ್ನತೆ ಹೆಚ್ಚುತ್ತದೆಂದು ಸಂಶೋಧನೆಗಳು ಹೇಳುತ್ತವೆ, ನಾವೇ ಜೂನಿಯರುಗಳಿಗೆ ಅದನ್ನು ಪಾಠ ಹೇಳಿದ್ದೇವೆ. ನಮ್ಮ ಕ್ಲಿನಿಕ್ಕಿನಲ್ಲಿ ವರ್ಷಕ್ಕೆ ಹತ್ತಾರು ಸಲ, ಕಣ್ಣು ಮಂದವಾದ ಮುದುಕರ ಮುಂದೆ ಕೂತು, "ಇನ್ನು ಕಾರಿನ ಕೀಲಿ ಮಗಳಿಗೆ ಕೊಟ್ಟುಬಿಡಿ" ಎಂದು ಹೇಳುವ ಕೆಲಸ ನಮ್ಮದು. ಕ್ಯಾನ್ಸರ್ ಸುದ್ದಿ ಹೇಳುವಾಗ ಅಳದವರು ಆಗ ಅತ್ತದ್ದನ್ನು ಕಂಡಿದ್ದೇವೆ. ಹಾಗಿದ್ದೂ, ಎಂದೂ ಕೀಲಿಯೇ ಇಲ್ಲದಿದ್ದ ನಮ್ಮ ತಾಯಿಯಿಂದ ನಾವು ಏನನ್ನು ಕಿತ್ತುಕೊಂಡೆವು ಎಂಬುದು ನಮಗೆ ಹೊಳೆಯಲಿಲ್ಲ. ಹೊಳೆದದ್ದು ಎಂಟು ವರ್ಷ ತಡವಾಗಿ, ಜಪಾನಿನ ಒಂದು ಸ್ಟೇಷನ್ನಿನ ಪಕ್ಕದಲ್ಲಿ.

ನಮ್ಮ ಊರಿಗೆ ನಾಳೆ ಕೆಂಪು ರೈಲು ಬರುವುದಿಲ್ಲ. ಬೆಂಗಳೂರಿಗೇ ಉಪನಗರ ರೈಲು ಇನ್ನೂ ಬರಬೇಕಾಗಿದೆ. 2020ರಲ್ಲಿ ಒಪ್ಪಿಗೆ ಸಿಕ್ಕಿ, 2022ರಲ್ಲಿ ಶಂಕುಸ್ಥಾಪನೆಯಾಗಿ, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ನಾಲ್ಕು ದಾರಿಗಳಿಗೆ ಹೂವಿನ ಹೆಸರಿಟ್ಟಿದ್ದಾರೆ. ಒಟ್ಟು 148 ಕಿಲೋಮೀಟರು. ಹೂವು ಅರಳಲಿ, ಊರಿನಲ್ಲಿರುವ ಅಜ್ಜಿಯರು ಹತ್ತಿ ಇಳಿಯಲಿ ಎಂದು ಹಾರೈಸೋಣ. ಮಿಷಿಗನ್ನಿನಲ್ಲಿ ನಾವು ಮಾಡಬಹುದಾದದ್ದು ಚಿಕ್ಕದು, ಆದರೆ ಈ ತಿಂಗಳೇ ಮಾಡಬಹುದಾದದ್ದು.

ನಮ್ಮ ಕೂಟದ ಎಷ್ಟು ಮನೆಗಳಲ್ಲಿ ಅಪ್ಪ-ಅಮ್ಮ ಇದ್ದಾರೆಂದು ಒಂದು ಪಟ್ಟಿ ಮಾಡೋಣ. ಪ್ರತಿ ಬುಧವಾರ ಒಂದು ವ್ಯಾನು, ಸರದಿಯ ಮೇಲೆ ಒಬ್ಬ ಡ್ರೈವರು, ಬೆಳಿಗ್ಗೆ ಹತ್ತಕ್ಕೆ ಹೊರಟು ಗೊತ್ತಾದ ಮನೆಗಳ ಮುಂದೆ ಗೊತ್ತಾದ ಹೊತ್ತಿಗೆ ನಿಲ್ಲಬೇಕು. ದೇವಸ್ಥಾನ, ಲೈಬ್ರರಿ, ಇಂಡಿಯನ್ ಅಂಗಡಿ, ಮಧ್ಯಾಹ್ನ ಮೂರಕ್ಕೆ ಮನೆ. ಒಂದೇ ಒಂದು ನಿಯಮ: ಯಾರೂ ಫೋನು ಮಾಡಿ ಕೇಳಿಕೊಳ್ಳಬೇಕಾಗಿಲ್ಲ. ಜನ ಇರಲಿ ಇಲ್ಲದಿರಲಿ ವ್ಯಾನು ಬಂದು ಎರಡು ನಿಮಿಷ ನಿಂತು ಹೋಗಬೇಕು. ಹತ್ತಬೇಕೆನ್ನಿಸಿದರೆ ಹತ್ತುತ್ತಾರೆ. ಹಮಾಮತ್ಸುವಿನಲ್ಲಿ ನಾವು ಕಲಿತದ್ದು ಅದನ್ನೇ. ಕೇಳಿಕೊಂಡರೆ ಬರುವ ಬಂಡಿ ಉಪಕಾರ, ಕೇಳದೆಯೂ ಬರುವ ಬಂಡಿ ಸ್ವಾತಂತ್ರ್ಯ.

ಮೊದಲ ಎಂಟು ಬುಧವಾರಗಳ ಸರದಿಯನ್ನು ನಾವು ವಹಿಸಿಕೊಳ್ಳುತ್ತೇವೆ, ಕ್ಲಿನಿಕ್ಕಿನಲ್ಲಿ ಬುಧವಾರ ರಜೆ ಹಾಕಿಯಾಗಿದೆ. ಮಿಕ್ಕವರು ಯುಗಾದಿ ಊಟದ ದಿನ ನಮ್ಮ ಮನೆಯವರ ಹತ್ತಿರ ಹೆಸರು ಬರೆಸಬೇಕಾಗಿ ವಿನಂತಿ. ವ್ಯಾನಿನ ಬಣ್ಣ ಬಿಳಿ, ಅದಕ್ಕೆ ಕ್ಷಮೆಯಿರಲಿ. ಕಿಟಕಿಗೆ ಒಂದು ಕೆಂಪು ಬಟ್ಟೆ ಕಟ್ಟುತ್ತೇವೆ, ದೂರದಿಂದ ಗುರುತು ಸಿಗಲೆಂದು. ಮತ್ತೆ, ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಬುಧವಾರವೇ ತಾಜಾ ಬರುತ್ತದಂತೆ, ವಿಚಾರಿಸಿಕೊಂಡು ಬಂದಿದ್ದೇವೆ.